ಹುಲಿ ಕಾಣದಿದ್ದರೂ ಪ್ರವಾಸ ದಂಡವಲ್ಲ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಮೇಷ್ಟ್ರುಗಳಾದ ನಾವು ಮಕ್ಕಳಿಗೆ ಆಗಾಗ ಹೇಳುತ್ತಲೇ ಇರುತ್ತೇವೆ. ಕೋಶ ಓದುವುದನ್ನು ಹೇಗೋ ಕಲಿಸುತ್ತೇವೆ. ಆದರೆ ದೇಶ ಸುತ್ತುವಾಗ ಹೋದಲ್ಲಿ ಏನನ್ನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಕಲಿಸುವುದಿಲ್ಲ. ಕಲಿಸಬೇಕಾದ ನನಗೇ ಅದು ಗೊತ್ತಿಲ್ಲ ಎಂಬುದು ನನ್ನ ಅರಿವಿಗೆ ಬಂದದ್ದು 1999ರಲ್ಲಿ.

ಆ ವರ್ಷದ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳನ್ನು ನಾಗರಹೊಳೆಗೆ ಕರೆದೊಯ್ದಿದ್ದೆವು. ‘ಹುಲಿ ನೋಡಿಕೊಂಡು ಬರೋಣ’ ಎಂದು ತರಗತಿಯಲ್ಲಿ ಘೋಷಿಸಿದವನು ನಾನೇ. ಪ್ರವಾಸದ ಶುಲ್ಕ ತಲಾ ನೂರೈವತ್ತು ರೂಪಾಯಿ. ನಮ್ಮ ಊರಿನ ಬಹುತೇಕ ಮನೆಗಳಿಗೆ ಅಂದು ಅದು ಸಣ್ಣ ಮೊತ್ತವಲ್ಲ. ಬೆಳಗಿನ ಜಾವ ಬಸ್ಸು ಹತ್ತಿದೆವು, ದಾರಿಯಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚಿದೆವು, ಅರಣ್ಯ ಇಲಾಖೆಯ ವ್ಯಾನಿನಲ್ಲಿ ಸರದಿಯ ಮೇಲೆ ಕಾಡು ಸುತ್ತಿದೆವು. ಜಿಂಕೆಯ ಹಿಂಡುಗಳು ಕಂಡವು. ಕಡವೆ, ಕಾಟಿ, ಮುಸುವ ಕಂಡವು. ಹುಲಿ ಕಾಣಲಿಲ್ಲ. ಹೋಗುವಾಗ ಅಂತ್ಯಾಕ್ಷರಿ ಹಾಡಿ ಬಸ್ಸನ್ನೇ ಎತ್ತಿಹಾಕಿದ್ದ ಮಕ್ಕಳು ಬರುವಾಗ ಮೌನವಾಗಿದ್ದರು. ನಿಜ ಹೇಳಬೇಕೆಂದರೆ ನಾನೂ ಮುಖ ಊದಿಸಿಕೊಂಡೇ ಕುಳಿತಿದ್ದೆ.

ಎರಡು ದಿನಗಳ ನಂತರ ಒಬ್ಬ ಹುಡುಗನ ತಂದೆ ಶಾಲೆಗೆ ಬಂದರು. ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದವರು. ‘ಸಾರ್, ಹುಲಿ ತೋರಿಸ್ತೀವಿ ಅಂದಿದ್ರಂತೆ. ಇವನು ನೋಡಿದ್ರೆ ಬರೀ ಜಿಂಕೆ ನೋಡ್ಕೊಂಡು ಬಂದವ್ನೆ. ನೂರೈವತ್ತು ರೂಪಾಯಿ ದಂಡ ಆಯ್ತಲ್ಲ ಸಾರ್’ ಎಂದರು. ಜಗಳಕ್ಕೆ ಬಂದವರಲ್ಲ, ನೊಂದು ಹೇಳಿದವರು. ನನ್ನಲ್ಲಿ ಉತ್ತರವಿರಲಿಲ್ಲ. ಅದೇ ವಾರ ಆ ಹುಡುಗ ತನ್ನ ಪ್ರವಾಸದ ಟಿಪ್ಪಣಿಯನ್ನು ತಂದು ಮೇಜಿನ ಮೇಲಿಟ್ಟ. ದಾರಿಯುದ್ದಕ್ಕೂ ಎಣಿಸಿ ಪಟ್ಟಿ ಮಾಡಿದ್ದ: ಜಿಂಕೆ 163, ಕಡವೆ 7, ಕಾಟಿ 11, ಮುಸುವ 24. ಕೊನೆಯ ಸಾಲು: ಹುಲಿ 0. ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕಿ ಕೊಟ್ಟೆ. ಏನನ್ನೂ ಬರೆಯಲಿಲ್ಲ.

ಹುಲಿಯ ಅಸಲು ಮತ್ತು ಬಡ್ಡಿ

ಆ ಪಟ್ಟಿಯ ಬೆಲೆ ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರ ಲೆಕ್ಕಾಚಾರವನ್ನು ಓದಿದಾಗ. ಶಿವರಾಮ ಕಾರಂತರ ಮಗನಾದ ಇವರು ಅದೇ ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿದವರು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆ, ಕಾಟಿಯಂಥ ಸುಮಾರು 50 ಪ್ರಾಣಿಗಳು ಆಹಾರವಾಗಿ ಬೇಕು. ಪ್ರತಿ ವರ್ಷ 50 ಹೋದರೂ ಹಿಂಡು ಕರಗದಿರಬೇಕಾದರೆ ಆ ಕಾಡಿನಲ್ಲಿ ಒಂದು ಹುಲಿಗೆ ಸುಮಾರು 500 ಪ್ರಾಣಿಗಳಿರಬೇಕು.

ಇದು ಒಂಬತ್ತನೆಯ ತರಗತಿಯ ಬಡ್ಡಿ ಲೆಕ್ಕವೇ ಅಲ್ಲವೇ? ಅಸಲು ಐನೂರು, ಬಡ್ಡಿ ನೂರಕ್ಕೆ ಹತ್ತು. ಹುಲಿ ಬಡ್ಡಿಯನ್ನು ಉಂಡು ಬದುಕುತ್ತದೆ, ಅಸಲನ್ನು ಮುಟ್ಟುವುದಿಲ್ಲ. ಮನುಷ್ಯರು ಬೇಟೆಯಾಡಿ ಜಿಂಕೆಗಳನ್ನು ಮುಗಿಸಿದರೆ ಅಸಲೇ ಕರಗುತ್ತದೆ, ಒಂದು ಗುಂಡೂ ತಗಲದೆ ಹುಲಿ ಇಲ್ಲವಾಗುತ್ತದೆ. ಆ ಹುಡುಗ ಎಣಿಸಿದ ಜಿಂಕೆ, ಕಡವೆ, ಕಾಟಿಗಳನ್ನು ಕೂಡಿದರೆ 181. ಕೆಲವನ್ನು ಎರಡು ಸಲ ಎಣಿಸಿರಬಹುದು. ಆದರೂ ಒಂದು ಹುಲಿಯ ಅಸಲಿನಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಅವನು ಕಣ್ಣಾರೆ ಕಂಡಿದ್ದ.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ, ಈ ಅಸಲು ನಿಂತಿರುವುದು ಹುಲ್ಲಿನ ಮೇಲೆ. ಹುಲ್ಲು ನಿಂತಿರುವುದು ನೀರಿನ ಮೇಲೆ. ನಾಗರಹೊಳೆಯ ಮರಗಳ ನಡುವೆ ಅಲ್ಲಲ್ಲಿ ಬಯಲಾಗಿ ಕಾಣುವ ಜೌಗು ನೆಲಕ್ಕೆ ಹಡ್ಲು ಎನ್ನುತ್ತಾರೆ. ಬೇಸಗೆಯಲ್ಲೂ ತೇವ ಉಳಿದು ಹಸಿರು ಹುಲ್ಲು ಸಿಗುವ ಜಾಗ ಅದು. ನಮ್ಮ ವ್ಯಾನು ಅಂಥ ಹಡ್ಲುಗಳನ್ನು ದಾಟಿ ಹೋಗಿತ್ತು. ನಾನು ಅವನ್ನು ‘ಏನೂ ಇಲ್ಲದ ಜಾಗ’ ಎಂದುಕೊಂಡಿದ್ದೆ!

ಅಂದಿನಿಂದ ಯಾವ ಕಾಡಿಗೆ ಹೋದರೂ ನಾಲ್ಕು ಪ್ರಶ್ನೆಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಆ ನೀರಿನಿಂದ ಏನು ಬೆಳೆಯುತ್ತದೆ? ಬೆಳೆದದ್ದನ್ನು ಯಾರು ತಿನ್ನುತ್ತಾರೆ, ಅವರನ್ನು ಯಾರು ತಿನ್ನುತ್ತಾರೆ? ಇಲ್ಲಿಯ ಮನುಷ್ಯರ ಪಾಡೇನು? ಬೇಸಗೆ ಮತ್ತು ದಸರಾ ರಜೆಗಳಲ್ಲಿ ನಾನೂ ನನ್ನ ಪತ್ನಿಯೂ ರೈಲು ಹತ್ತಿ ನೋಡಿಬಂದ ನಾಲ್ಕು ಜಾಗಗಳನ್ನು ಈ ಪ್ರಶ್ನೆಗಳ ಮೂಲಕವೇ ನಿಮಗೆ ತೋರಿಸುತ್ತೇನೆ.

ಕಾನ್ಹಾ: ಹುಲ್ಲು ಮರಳಿದಾಗ

ಮಧ್ಯಪ್ರದೇಶದ ಕಾನ್ಹಾಕ್ಕೆ ಹೋದದ್ದು 2010ರ ಮೇ ತಿಂಗಳಲ್ಲಿ. ಜಬಲ್ಪುರದಲ್ಲಿ ರೈಲಿಳಿದು ರಸ್ತೆಯಲ್ಲಿ ನಾಲ್ಕೈದು ಗಂಟೆ ಸಾಗಬೇಕು. ಎತ್ತರದ ಸಾಲ್ ಮರಗಳ ಕಾಡು, ನಡುನಡುವೆ ವಿಶಾಲವಾದ ಹುಲ್ಲುಗಾವಲು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರದಂತೆ ಕಾನ್ಹಾ ಕೂಡ ಒಂದು.

ಬೆಳಿಗ್ಗೆ ನಮ್ಮ ಜೀಪು ಒಂದು ಹುಲ್ಲುಗಾವಲಿನ ಅಂಚಿನಲ್ಲಿ ನಿಂತಿತ್ತು. ಎದುರಿಗೆ ಬಾರಾಸಿಂಗಗಳ ಹಿಂಡು. ಅಷ್ಟರಲ್ಲಿ ದೂರದಲ್ಲೆಲ್ಲೋ ಜಿಂಕೆಯ ಎಚ್ಚರಿಕೆಯ ಕೂಗು ಕೇಳಿತು. ಹುಲಿ ಇರಬಹುದೆಂದು ಅಕ್ಕಪಕ್ಕದ ಜೀಪುಗಳೆಲ್ಲ ಧೂಳೆಬ್ಬಿಸಿಕೊಂಡು ಓಡಿದವು. ನಮ್ಮ ಚಾಲಕನೂ ಕೀಲಿ ತಿರುಗಿಸಿದ. ‘ಬೇಡ ಬಿಡ್ರೀ, ಇಲ್ಲೇ ಇರೋಣ’ ಎಂದಳು ನನ್ನ ಪತ್ನಿ. ಉಳಿದೆವು. ಒಂದು ಗಂಟೆ ಆ ಬಯಲು ನಮ್ಮದಾಯಿತು.

ಬಾರಾಸಿಂಗ ಎಂದರೆ ಹನ್ನೆರಡು ಕೊಂಬಿನದು ಎಂದರ್ಥ. ತಮಾಷೆಯೆಂದರೆ ನಾವು ಕಂಡ ಕೆಲವು ಗಂಡುಗಳ ತಲೆಯ ಮೇಲೆ ಒಂದು ಕೊಂಬೂ ಇರಲಿಲ್ಲ! ಜಿಂಕೆ ಜಾತಿಯ ಗಂಡುಗಳ ಕವಲುಗೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಹಸು, ಎಮ್ಮೆ, ಕಾಟಿಗಳ ಕೊಂಬು ಹಾಗಲ್ಲ, ಅದು ಜೀವಮಾನಕ್ಕೆ ಒಂದೇ. ಪುಸ್ತಕದಲ್ಲಿ ಎರಡು ಸಾಲಾಗಿ ಓದಿದ್ದು ಅಲ್ಲಿ ಕಣ್ಣೆದುರು ನಿಂತಿತ್ತು.

ಗಟ್ಟಿನೆಲದಲ್ಲಿ ಬದುಕುವ ಈ ಬಗೆಯ ಬಾರಾಸಿಂಗ ಒಂದು ಕಾಲಕ್ಕೆ ಕಾನ್ಹಾದಲ್ಲಿ ಮಾತ್ರ ಉಳಿದಿತ್ತು. 1970ರಲ್ಲಿ ಅವುಗಳ ಒಟ್ಟು ಸಂಖ್ಯೆ ಬರೇ 66. ಬಾರಾಸಿಂಗದ ಆಹಾರ ಬಹುಮಟ್ಟಿಗೆ ಹುಲ್ಲು. ಮರಿಗಳನ್ನು ಬಚ್ಚಿಡುವುದಕ್ಕೂ ಎತ್ತರದ ಹುಲ್ಲೇ ಬೇಕು. ಬೇಸಾಯ, ಮೇಯಿಸುವಿಕೆ, ಬೆಂಕಿಗಳಿಂದ ಅಂಥ ಹುಲ್ಲು ಕಡಿಮೆಯಾಗಿತ್ತು. ಅರಣ್ಯ ಇಲಾಖೆಯವರು ಹುಲಿ, ಚಿರತೆ ನುಗ್ಗದಂಥ ಬೇಲಿಯೊಳಗೆ ಕೆಲವನ್ನು ಇಟ್ಟು ಬೆಳೆಸಿದರು. ಕಾಡಿನೊಳಗಿನ ಹಳ್ಳಿಗಳನ್ನು ಹೊರಗೆ ಸಾಗಿಸಿದರು. ಹಳ್ಳಿಯ ಹೊಲಗಳು ಹುಲ್ಲುಗಾವಲಾದವು. ಇಂದು ಅವುಗಳ ಸಂಖ್ಯೆ ಸಾವಿರದ ಆಸುಪಾಸಿನಲ್ಲಿದೆ.

ಇದು ಸಂತೋಷದ ಸಂಗತಿ. ಆದರೆ ಆ ಹೊಲಗಳನ್ನು ಬಿಟ್ಟು ಎದ್ದುಹೋದವರು ಬೈಗಾ ಮತ್ತು ಗೊಂಡ ಜನ. ಕಾನ್ಹಾದ ಲೆಕ್ಕ ಬರೆಯುವಾಗ ಅವರು ಕಳೆದುಕೊಂಡದ್ದನ್ನೂ ಬರೆಯದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಭರತಪುರ: ಎಮ್ಮೆ ಕಲಿಸಿದ ಪಾಠ

ಆಗ್ರಾದಿಂದ ಸುಮಾರು 55 ಕಿಲೋಮೀಟರ್ ದೂರದಲ್ಲಿ, ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನವಿದೆ. ವಿಸ್ತೀರ್ಣ ಬರೇ 29 ಚದರ ಕಿಲೋಮೀಟರ್. ಕಂಡ ಹಕ್ಕಿ ಜಾತಿಗಳು ಮುನ್ನೂರೈವತ್ತಕ್ಕೂ ಹೆಚ್ಚು. ನಾವು ಹೋದಾಗ ಸೈಕಲ್ ರಿಕ್ಷಾದವರೇ ಇಲ್ಲಿ ಮಾರ್ಗದರ್ಶಿಗಳಾಗಿದ್ದರು. ನಮ್ಮನ್ನು ಕೂರಿಸಿಕೊಂಡವನು ಶಾಲೆಯನ್ನು ಹೆಚ್ಚು ಕಂಡವನಲ್ಲ, ಆದರೆ ಹಕ್ಕಿಗಳ ಹೆಸರನ್ನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಇದು ನಿಸರ್ಗ ತಾನಾಗಿ ಮಾಡಿದ ಸರೋವರವಲ್ಲ. ಬಾತುಕೋಳಿ ಬೇಟೆಗೆಂದು ಅಲ್ಲಿನ ಅರಸರು ತಗ್ಗು ನೆಲಕ್ಕೆ ಒಡ್ಡು ಹಾಕಿ ನೀರು ತಂದರು. 1938ರ ನವೆಂಬರಿನಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಕೊಂದರು. ಆ ಸಂಖ್ಯೆಯನ್ನು ಕೆತ್ತಿಸಿದ ಕಲ್ಲು ಅಲ್ಲಿದೆ. ಕೊಲ್ಲುವುದಕ್ಕಾಗಿ ಮಾಡಿದ ಕೆರೆ ಇಂದು ಕಾಯುವ ಜಾಗವಾಗಿದೆ.

ನಾವು ಹೋದದ್ದು 2013ರ ಅಕ್ಟೋಬರಿನಲ್ಲಿ. ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟಿ ಮರಿಗಳಿಗೆ ಉಣಿಸುತ್ತಿದ್ದವು. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಬರುವುದು ಇದೇ ಹಕ್ಕಿ. ಆದರೆ ಇಲ್ಲಿ ಅವು ಗೂಡುಕಟ್ಟುವುದು ಸಂಕ್ರಾಂತಿಯ ಆಚೀಚೆ. ಒಂದೇ ಹಕ್ಕಿಗೆ ಎರಡು ಪಂಚಾಂಗ ಏಕೆ? ಉತ್ತರದಲ್ಲಿ ಮಳೆಗಾಲ ಸೆಪ್ಟೆಂಬರಿಗೆ ಮುಗಿಯುತ್ತದೆ, ನಮ್ಮಲ್ಲಿ ಹಿಂಗಾರು ಬಂದು ಕೆರೆಗಳು ತುಂಬುವುದು ಆಮೇಲೆ. ಮರಿಗಳಿಗೆ ಮೀನು ಸುಲಭವಾಗಿ ಸಿಗುವ ಕಾಲ ಯಾವುದೋ ಅದೇ ಕೊಕ್ಕರೆಯ ಬಾಣಂತನದ ಕಾಲ.

1982ರಲ್ಲಿ ಭರತಪುರ ರಾಷ್ಟ್ರೀಯ ಉದ್ಯಾನವಾದಾಗ ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಜೀವಗಳೂ ಹೋದವು. ಎಮ್ಮೆಗಳು ಹೊರಗುಳಿದ ಮೇಲೆ ಆದದ್ದೇನು? ಮೇಯುವವರಿಲ್ಲದೆ ನೀರಿನ ಹುಲ್ಲು ಬೆಳೆದು ತೆರೆದ ನೀರನ್ನೇ ಮುಚ್ಚಿತು. ಬಾತುಗಳಿಗೆ ಈಜಲು ಜಾಗ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಹಲವು ವರ್ಷ ಅಧ್ಯಯನ ಮಾಡಿ, ಈ ಜೌಗಿನ ಆರೋಗ್ಯಕ್ಕೆ ಎಮ್ಮೆಯೂ ಬೇಕಿತ್ತು ಎಂದು ತೋರಿಸಿದರು. ಒಳ್ಳೆಯ ಉದ್ದೇಶವೊಂದೇ ಸಾಲದು, ಅಳೆದು ನೋಡುವ ಶಿಸ್ತೂ ಬೇಕು. ವಿಜ್ಞಾನದ ಪಾಠ ಇದಕ್ಕಿಂತ ಬೇರೆ ಏನಿದೆ?

ಸೈಬೀರಿಯಾದ ಬಿಳಿ ಕೊಕ್ಕರೆಗಳಿಗೆ ಒಂದು ಕಾಲಕ್ಕೆ ಭರತಪುರ ಚಳಿಗಾಲದ ಮನೆಯಾಗಿತ್ತು. ಕೊನೆಯ ಜೋಡಿ ಬಂದದ್ದು 2001–02ರ ಚಳಿಗಾಲದಲ್ಲಿ. ಆಮೇಲೆ ಬರಲಿಲ್ಲ. ಅದೇ ದಶಕದಲ್ಲಿ ಮೇಲ್ಭಾಗದ ಅಣೆಕಟ್ಟಿನಿಂದ ನೀರು ಸಾಲದೆ ಉದ್ಯಾನ ಕೆಲವು ವರ್ಷ ಒಣಗಿತು. ರೈತನಿಗೂ ನೀರು ಬೇಕು, ಹಕ್ಕಿಗೂ ಬೇಕು. ಕಾವೇರಿ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಜಿರಂಗ: ಕೊಲ್ಲುವ ನೆರೆ, ಕಾಯುವ ನೆರೆ

ಅಸ್ಸಾಮಿನ ಕಾಜಿರಂಗಕ್ಕೆ ಗುವಾಹಟಿಯಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆ. 2015ರ ಏಪ್ರಿಲ್‌ನಲ್ಲಿ ನಾವು ಹೋದಾಗ ಎಡಕ್ಕೆ ಆನೆಯನ್ನೂ ಮರೆಮಾಡಬಲ್ಲ ಹುಲ್ಲು, ಬಲಕ್ಕೆ ಬೀಲ್ ಎಂದು ಕರೆಯುವ ಹೊಂಡಗಳು, ಹೊಂಡದ ದಡದಲ್ಲಿ ಖಡ್ಗಮೃಗಗಳು, ನಮ್ಮ ಊರಿನ ಕೆರೆಯ ಬಳಿ ಎಮ್ಮೆಗಳು ಮೇಯುವಷ್ಟೇ ನಿಶ್ಚಿಂತೆಯಾಗಿ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಟೆಯಿಂದಾಗಿ ಬೆರಳೆಣಿಕೆಯಷ್ಟು ಉಳಿದಿದ್ದ ಪ್ರಾಣಿ ಇದು. 2022ರ ಗಣತಿಯಲ್ಲಿ ಕಾಜಿರಂಗದಲ್ಲಿ 2,613 ಇದ್ದವು.

ಇಲ್ಲಿಯ ನೀರು ಬ್ರಹ್ಮಪುತ್ರದ್ದು. ಮಳೆಗಾಲದಲ್ಲಿ ನದಿ ಉಕ್ಕಿ ಉದ್ಯಾನದ ಬಹುಭಾಗ ಮುಳುಗುತ್ತದೆ. ಪ್ರಾಣಿಗಳು ದಕ್ಷಿಣದ ಕಾರ್ಬಿ ಬೆಟ್ಟಗಳಿಗೆ ಓಡುತ್ತವೆ. ದಾರಿಗೆ ಅಡ್ಡವಾಗಿ ರಾಷ್ಟ್ರೀಯ ಹೆದ್ದಾರಿ. ನೆರೆಯ ದಿನಗಳಲ್ಲಿ ವಾಹನಗಳು ವೇಗ ಮೀರದಂತೆ, ಹೊರಟ ಸಮಯವನ್ನು ಚೀಟಿಯಲ್ಲಿ ಬರೆದುಕೊಟ್ಟು ಮುಂದಿನ ಗೇಟಿನಲ್ಲಿ ತಪಾಸಣೆ ಮಾಡುತ್ತಾರೆ. 2024ರ ಜುಲೈ ನೆರೆಯಲ್ಲಿ ನೂರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು.

ಹಾಗಾದರೆ ನದಿಗೆ ಒಡ್ಡು ಕಟ್ಟಿ ನೆರೆಯನ್ನೇ ನಿಲ್ಲಿಸಬಹುದಲ್ಲ ಎಂದು ನಾನು ಅಲ್ಲಿನ ಅರಣ್ಯ ರಕ್ಷಕರೊಬ್ಬರನ್ನು ಕೇಳಿದೆ. ಅವರು ನಕ್ಕರು. ನೆರೆ ಹೂಳು ತಂದು ನೆಲವನ್ನು ಹೊಸದು ಮಾಡುತ್ತದೆ, ಹೊಂಡಗಳಿಗೆ ಮೀನು ತರುತ್ತದೆ, ನೀರನ್ನು ಮುಚ್ಚಿದ ಜಲಕಳೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ನೆರೆ ನಿಂತರೆ ಹುಲ್ಲುಗಾವಲು ಮೆಲ್ಲಗೆ ಮರಗಾಡಾಗುತ್ತದೆ. ಆಗ ಖಡ್ಗಮೃಗಕ್ಕೆ ಮೇವೆಲ್ಲಿ? ನೆರೆ ಬರಲಿ, ಆದರೆ ಬೆಟ್ಟಕ್ಕೆ ಹೋಗುವ ದಾರಿ ತೆರೆದಿರಲಿ. ಕಾಜಿರಂಗದ ಬದುಕು ಈ ಎರಡನೆಯ ಮಾತಿನ ಮೇಲೆ ನಿಂತಿದೆ.

ಚಿಕ್ಕ ರಣ್: ಏನೂ ಇಲ್ಲದ ಜಾಗ

‘ಏನಿದೆ ಅಂತ ಹೋಗ್ತೀರಿ?’ ಎಂದು ಸಹೋದ್ಯೋಗಿಗಳು ಕೇಳಿದ್ದು ಗುಜರಾತಿನ ಕಛ್‌ನ ಚಿಕ್ಕ ರಣ್‌ಗೆ ಹೊರಟಾಗ, 2018ರ ದಸರಾ ರಜೆಯಲ್ಲಿ. ಧ್ರಾಂಗಧ್ರಾ ಊರಿನಿಂದ ಜೀಪಿನಲ್ಲಿ ಹೋದರೆ ಸ್ವಲ್ಪ ಹೊತ್ತಿಗೆ ರಸ್ತೆಯೂ ಮರವೂ ಮುಗಿದು, ಬಿರುಕುಬಿಟ್ಟ ಕೆಸರಿನ ಬಯಲು ದಿಗಂತದವರೆಗೆ ಹಬ್ಬುತ್ತದೆ. ಎದುರಿಗೆ ಕೆರೆಯೊಂದು ಹೊಳೆಯುತ್ತಿರುವಂತೆ ಕಂಡರೆ ಅದು ಬಿಸಿಲ್ಗುದುರೆ.

ಇಲ್ಲಿಯ ಕಾಡುಕತ್ತೆ ಅಭಯಾರಣ್ಯದ ವಿಸ್ತೀರ್ಣ 4,954 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ಮಳೆಗಾಲದಲ್ಲಿ ಒಂದೆಡೆಯಿಂದ ನದಿಗಳ ಸಿಹಿನೀರು, ಇನ್ನೊಂದೆಡೆಯಿಂದ ಸಮುದ್ರದ ಉಪ್ಪುನೀರು ಸೇರಿ ಬಯಲೆಲ್ಲ ತೆಳುವಾದ ಕೆರೆಯಾಗುತ್ತದೆ. ಆ ನೀರಿನಲ್ಲಿ ಸೀಗಡಿ ಬೆಳೆಯುತ್ತದೆ. ಬೇಟ್ ಎಂಬ ದಿಬ್ಬಗಳು ಮಾತ್ರ ದ್ವೀಪಗಳಂತೆ ನಿಂತು ಹುಲ್ಲು ಚಿಗುರಿಸುತ್ತವೆ. ಕಾಡುಕತ್ತೆಯ ಮೇವು ಈ ದಿಬ್ಬಗಳ ಮೇಲೆಯೇ. ಭಾರತದ ಕಾಡುಕತ್ತೆಗಳ ಕೊನೆಯ ನೆಲೆ ಇದು. 1960ರ ದಶಕದಲ್ಲಿ ರೋಗ ಬಡಿದು 1967ರ ಹೊತ್ತಿಗೆ ಕೇವಲ 362 ಉಳಿದಿದ್ದವು. 2024ರ ಗಣತಿಯಲ್ಲಿ 7,672.

ಅಂಚಿನಲ್ಲೆಲ್ಲ ಒಂದು ಪರಿಚಿತ ಮುಳ್ಳುಗಿಡ ಕಂಡಿತು. ಬಳ್ಳಾರಿ ಜಾಲಿ! ಹೊರದೇಶದಿಂದ ಬಂದ ಇದು ನಮ್ಮ ಬಯಲುಸೀಮೆಯಂತೆ ಅಲ್ಲಿಯೂ ಹಬ್ಬುತ್ತಿದೆ. ಕಾಡುಕತ್ತೆ ಇದರ ಕಾಯಿ ತಿಂದು, ಬೀಜವನ್ನು ಲದ್ದಿಯ ಜೊತೆ ಹುಲ್ಲಿನ ದಿಬ್ಬಗಳಲ್ಲಿ ಬಿತ್ತುತ್ತದೆ. ತನ್ನ ಮೇವಿನ ಜಾಗದಲ್ಲಿ ತಾನೇ ಮುಳ್ಳು ಬಿತ್ತಿಕೊಂಡಂತೆ.

ನೀರು ಇಂಗಿದ ಮೇಲೆ ಅಗರಿಯಾ ಎಂಬ ಜನ ಹೆಂಡತಿ ಮಕ್ಕಳೊಂದಿಗೆ ಈ ಬಯಲಿಗೆ ಬರುತ್ತಾರೆ. ಭೂಮಿಯೊಳಗಿನ ಉಪ್ಪುನೀರನ್ನು ಮೇಲೆತ್ತಿ ಪಾತಿಗಳಲ್ಲಿ ಒಣಗಿಸಿ ಉಪ್ಪು ಮಾಡುತ್ತಾರೆ. ಮಳೆಗಾಲ ಬರುವ ತನಕ ಅವರ ವಾಸ ಅಲ್ಲಿಯೇ. ನಾವು ಹೋದಾಗ ಒಂದು ಕುಟುಂಬ ಪಾತಿ ಕಟ್ಟುತ್ತಿತ್ತು. ನಮಗೆ ಬಸಿಯಲ್ಲಿ ಚಹಾ ಕೊಟ್ಟರು. ಕುಡಿಯುವ ನೀರನ್ನು ದೂರದಿಂದ ತರಿಸಿಕೊಳ್ಳುವ ಜಾಗದಲ್ಲಿ ಆ ಚಹಾದ ಬೆಲೆ ಎಷ್ಟೆಂದು ಯೋಚಿಸಿ ನೋಡಿ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗುಜರಾತಿನದು. ‘ಏನೂ ಇಲ್ಲದ’ ಆ ನಾಡಿನ ಋಣ ನಮ್ಮೆಲ್ಲರ ಊಟದೆಲೆಯ ಮೇಲಿದೆ.

ಹೊರಡುವ ಮುನ್ನ

ಪಾಲಕರಿಗೆ ಕೆಲವು ಮಾತು. ಕಾನ್ಹಾ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿರುತ್ತದೆ. ಕಾಜಿರಂಗಕ್ಕೆ ನವೆಂಬರಿನಿಂದ ಏಪ್ರಿಲ್ ಸೂಕ್ತ. ಚಿಕ್ಕ ರಣ್‌ಗೆ ಅಕ್ಟೋಬರ್ ಮಧ್ಯದ ನಂತರ, ಭರತಪುರಕ್ಕೆ ಅಕ್ಟೋಬರಿನಿಂದ ಫೆಬ್ರುವರಿ. ಹುಲಿ ಕಾಡುಗಳಲ್ಲಿ ಜೀಪುಗಳಿಗೆ ಮಿತಿಯಿದೆ, ಮುಂಗಡವಾಗಿ ಕಾಯ್ದಿರಿಸಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ, ಸುಗಂಧ, ಗದ್ದಲ ಬೇಡ. ಪ್ಲಾಸ್ಟಿಕ್ ಎಸೆಯಬೇಡಿ. ಮಕ್ಕಳ ಕೈಯಲ್ಲಿ ಮೊಬೈಲಿನ ಬದಲು ಒಂದು ಟಿಪ್ಪಣಿ ಪುಸ್ತಕವಿರಲಿ.

ಅಷ್ಟು ದೂರ ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂಬುದು ನನಗೆ ಗೊತ್ತು. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಬಂಡೀಪುರಗಳು ಹತ್ತಿರದಲ್ಲೇ ಇವೆ. ಅದೂ ಆಗದಿದ್ದರೆ ಚಳಿಗಾಲದ ಒಂದು ಬೆಳಿಗ್ಗೆ ನಿಮ್ಮೂರಿನ ಕೆರೆ ಏರಿಯ ಮೇಲೆ ಮಗುವಿನೊಡನೆ ಕುಳಿತುಕೊಳ್ಳಿ. ನಾಲ್ಕು ಪ್ರಶ್ನೆಗಳು ಅಲ್ಲಿಯೂ ನಡೆಯುತ್ತವೆ. ಎಲ್ಲಿಗೆ ಹೋದರೂ ಒಂದನ್ನು ಮಾತ್ರ ಮಾಡಬೇಡಿ: ‘ಹುಲಿ ತೋರಿಸುತ್ತೇನೆ’ ಎಂದು ಮಾತು ಕೊಡಬೇಡಿ. ಹುಲಿ ನಮ್ಮ ಮಾತಿಗೆ ಕಟ್ಟುಬಿದ್ದ ಪ್ರಾಣಿಯಲ್ಲ.

ಅಕ್ಕಿ ಗಿರಣಿಯ ಆ ತಂದೆಯನ್ನು ನಾನು ಮತ್ತೆ ಕಾಣಲಿಲ್ಲ. ಮರುವರ್ಷ ಮಗನನ್ನು ಬೇರೆ ಊರಿನ ಶಾಲೆಗೆ ಸೇರಿಸಿದರು. ಇವತ್ತು ಎದುರಾದರೆ ಹೇಳುತ್ತೇನೆ: ‘ನಿಮ್ಮ ದುಡ್ಡು ದಂಡವಾಗಲಿಲ್ಲ ಯಜಮಾನರೇ, ತಪ್ಪು ನನ್ನದು. ನಿಮ್ಮ ಮಗ ನೋಡಬೇಕಾದ್ದನ್ನೇ ನೋಡಿದ್ದ, ಎಣಿಸಬೇಕಾದ್ದನ್ನೇ ಎಣಿಸಿದ್ದ. ಅದು ಏನೆಂದು ಅವನಿಗೆ ಹೇಳಬೇಕಾದ ಮೇಷ್ಟ್ರಿಗೆ ಗೊತ್ತಿರಲಿಲ್ಲ.’ ಆ ಪುಸ್ತಕ ಅವನ ಬಳಿ ಇನ್ನೂ ಇದ್ದರೆ, ‘ಹುಲಿ 0’ ಎಂಬ ಸಾಲಿನ ಮುಂದೆ ನನ್ನ ಸಹಿ ಮಾತ್ರ ಇರುತ್ತದೆ. ಅಲ್ಲಿ ಬರೆಯಬೇಕಾಗಿದ್ದ ಟಿಪ್ಪಣಿಯೇ ಈ ಲೇಖನ.